ಬಾಬಿಗೆ 35: ಪ್ರಿವ್ಯೂನಲ್ಲಿ ಕಂಡ ‘ಕಂಪನಿ’

ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇರಿಯಾದ ಬ್ರಾಡ್‌ವೇಯಲ್ಲಿ ಒಂದು ಮ್ಯೂಸಿಕಲ್, ಅಂದರೆ ಹಾಡು ಕುಣಿತಗಳಿಂದ ಕಟ್ಟಿದ ನಾಟಕ, ಅಧಿಕೃತವಾಗಿ ಆರಂಭವಾಗುವ ಮೊದಲೇ ಸಾವಿರಾರು ಜನ ಅದನ್ನು ನೋಡಿರುತ್ತಾರೆ, ದುಡ್ಡು ಕೊಟ್ಟೇ ನೋಡಿರುತ್ತಾರೆ. ಮೂರ್ನಾಲ್ಕು ವಾರ ಸಂಜೆಯಾದರೆ ದೀಪ ಹತ್ತುತ್ತದೆ, ವಾದ್ಯಗಾರರು ನುಡಿಸುತ್ತಾರೆ, ನಟರು ಪೂರ್ತಿ ವೇಷದಲ್ಲಿ ಪೂರ್ತಿ ನಾಟಕ ಆಡುತ್ತಾರೆ. ಆದರೂ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ವಿಮರ್ಶೆಯೂ ಬರುವುದಿಲ್ಲ. ಇದು ಪ್ರಿವ್ಯೂ. ರಾತ್ರಿ ಜನರ ಮುಂದೆ ಆಡಿದ್ದನ್ನು ಮರುದಿನ ಹಗಲಿನ ತಾಲೀಮಿನಲ್ಲಿ ಬಿಚ್ಚಿ ನೋಡುತ್ತಾರೆ. ಒಂದು ಮಾತು ತೆಗೆಯುತ್ತಾರೆ, ಒಂದು ಹಾಡನ್ನು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾರೆ, ನಗು ಬರಬೇಕಾದ ಕಡೆ ಬಾರದಿದ್ದರೆ ಅದರ ಹಿಂದಿನ ಸಾಲನ್ನು ತಿದ್ದುತ್ತಾರೆ. ಮಧ್ಯಾಹ್ನ ಕೈಗೆ ಬಂದ ಹೊಸ ಸಾಲನ್ನು ನಟಿ ಅದೇ ಸಂಜೆ ಸಾವಿರ ಜನರ ಮುಂದೆ ಹೇಳಬೇಕು. ಆರಂಭದ ರಾತ್ರಿಗೆ ಕೆಲವೇ ದಿನ ಉಳಿದಾಗ ಇನ್ನು ಏನನ್ನೂ ಮುಟ್ಟುವುದಿಲ್ಲ ಎಂದು ನಿರ್ಧರಿಸುತ್ತಾರೆ. ಅವರ ಭಾಷೆಯಲ್ಲಿ ನಾಟಕ ‘ಫ್ರೀಝ್’ ಆಯಿತು. ವಿಮರ್ಶಕರು ಬಂದು ಕೂರುವುದು ಆಮೇಲೆ.

ಕೆಲವರು ವಿಮರ್ಶೆ ಬರಲಿ, ಆಮೇಲೆ ಟಿಕೆಟ್ ತೆಗೆಯೋಣ ಎನ್ನುತ್ತಾರೆ. ನನಗೆ ಪ್ರಿವ್ಯೂ ಇಷ್ಟ. ಅಲ್ಲಿ ಪ್ರೇಕ್ಷಕರ ಕಿವಿಗೆ ಇನ್ನೂ ಯಾರ ತೀರ್ಪೂ ಬಿದ್ದಿರುವುದಿಲ್ಲ. ಎಲ್ಲಿ ನಗಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಿಂದಿನ ಸಾಲಿನಲ್ಲಿ ನಿರ್ದೇಶಕರ ತಂಡ ಕತ್ತಲಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾ ಕುಳಿತಿರುತ್ತದೆ. ರಂಗದ ಮೇಲೆ ನಡೆಯುವುದರ ಜೊತೆಗೆ ನಮ್ಮ ಕೆಮ್ಮು, ನಮ್ಮ ಮಿಸುಕಾಟ, ನಾವು ಉಸಿರು ಬಿಗಿಹಿಡಿದ ಗಳಿಗೆ ಎಲ್ಲವೂ ಅವರಿಗೆ ಕೇಳುತ್ತಿರುತ್ತದೆ. ಅಲ್ಲಿ ಪ್ರೇಕ್ಷಕರೂ ಕೆಲಸದಲ್ಲಿ ಕೈಜೋಡಿಸಿದವರೇ.

ನಾನು ಕಂಡ ಕನ್ನಡದ ಹವ್ಯಾಸಿ ರಂಗಭೂಮಿಯಲ್ಲಿ ಇಂಥ ಅವಕಾಶ ಇರಲಿಲ್ಲ. ಬೆಳಿಗ್ಗೆ ರವೀಂದ್ರ ಕಲಾಕ್ಷೇತ್ರದ ಹಿಂಬಾಗಿಲಿಗೆ ಸೆಟ್ ಬಂದು ಇಳಿಯುತ್ತದೆ, ಮಧ್ಯಾಹ್ನ ಲೈಟು ಕಟ್ಟುತ್ತಾರೆ, ಸಂಜೆಗೆ ಮೊದಲ ಪ್ರದರ್ಶನ. ಎರಡನೆಯ ದೃಶ್ಯ ಎಳೆಯುತ್ತಿದೆ ಎಂದು ತಂಡಕ್ಕೆ ಗೊತ್ತಾಗುವುದು ಸಭಾಂಗಣ ತುಂಬಿರುವಾಗಲೇ. ತಿದ್ದಿದರೆ ಮುಂದಿನ ಪ್ರದರ್ಶನಕ್ಕೆ, ಅದೂ ಮುಂದಿನದೊಂದು ಇದ್ದರೆ. ಅದನ್ನು ನೋಡಿಕೊಂಡು ಬೆಳೆದವಳಿಗೆ, ತಿದ್ದುವುದಕ್ಕೆಂದೇ ವಾರಗಟ್ಟಲೆ ಎತ್ತಿಟ್ಟು ಆ ತಿದ್ದುಪಡಿಗೆ ಜನರನ್ನೂ ಕರೆಯುವ ಈ ಏರ್ಪಾಡು ಮೊದಲ ಸಲ ಕಂಡಾಗ ಹೊಟ್ಟೆಕಿಚ್ಚೇ ಆಗಿತ್ತು.

ಈಗ ಬರೆಯಹೊರಟಿರುವುದು 2021ರ ಡಿಸೆಂಬರ್ ಮೊದಲ ವಾರದಲ್ಲಿ, ಮ್ಯಾನ್‌ಹ್ಯಾಟನ್‌ನ 45ನೇ ಬೀದಿಯ ಬರ್ನಾರ್ಡ್ ಬಿ. ಜೇಕಬ್ಸ್ ಥಿಯೇಟರಿನಲ್ಲಿ ಕಂಡ ‘ಕಂಪನಿ’ಯ ಬಗ್ಗೆ. ಅದು ಹೊಸ ಕೃತಿಯಲ್ಲ. 1970ರಲ್ಲಿ ಹುಟ್ಟಿದ್ದು. ಸಂಗೀತ ಮತ್ತು ಹಾಡುಗಳು ಸ್ಟೀಫನ್ ಸಾಂಡ್‌ಹೈಮ್ ಅವರದು, ಸಂಭಾಷಣೆ ಜಾರ್ಜ್ ಫರ್ತ್ ಅವರದು, ನಿರ್ದೇಶನ ಹೆರಾಲ್ಡ್ ಪ್ರಿನ್ಸ್ ಅವರದು. ಫರ್ತ್ ಮದುವೆಯ ಬಗ್ಗೆ ಬರೆದಿಟ್ಟಿದ್ದ ಬಿಡಿ ಬಿಡಿ ಪುಟ್ಟ ನಾಟಕಗಳನ್ನು ಒಂದು ಮ್ಯೂಸಿಕಲ್ ಮಾಡೋಣ ಎಂದವರು ಪ್ರಿನ್ಸ್. ಕಥೆ ಎಂದು ಹೇಳುವಂಥದ್ದು ಹೆಚ್ಚೇನಿಲ್ಲ. ರಾಬರ್ಟ್ ಎಂಬ ಅವಿವಾಹಿತನಿಗೆ 35 ತುಂಬುತ್ತದೆ. ಐದು ಜೋಡಿ ಗೆಳೆಯರು ಹುಟ್ಟುಹಬ್ಬಕ್ಕೆ ಬಂದಿದ್ದಾರೆ. ಅವನು ಒಂದೊಂದು ಮನೆಗೂ ಹೋಗುತ್ತಾನೆ, ಒಂದೊಂದು ಮದುವೆಯನ್ನೂ ಹತ್ತಿರದಿಂದ ನೋಡುತ್ತಾನೆ, ಮೂವರು ಗೆಳತಿಯರ ಜೊತೆ ಓಡಾಡುತ್ತಾನೆ, ಯಾರ ಕೈಯನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಘಟನೆಗಳ ಸರಪಣಿಯಿಲ್ಲದೆ ಒಂದು ಪ್ರಶ್ನೆಯ ಸುತ್ತ ದೃಶ್ಯಗಳು ತಿರುಗುವುದು ಆಗಿನ ಬ್ರಾಡ್‌ವೇಗೆ ಹೊಸದಾಗಿತ್ತು.

ಆ ಕಾಲದಲ್ಲಿ ನಾಟಕಗಳನ್ನು ಪರೀಕ್ಷಿಸುತ್ತಿದ್ದದ್ದು ಊರಾಚೆ: ನ್ಯೂ ಹೇವನ್, ಬಾಸ್ಟನ್, ಫಿಲಡೆಲ್ಫಿಯಾ. ತಂಡ ಪೂರ್ತಿ ಸಾಮಾನಿನೊಂದಿಗೆ ಅಲ್ಲಿಗೆ ಹೋಗಿ, ವಾರಗಟ್ಟಲೆ ಆಡಿ, ಹೋಟೆಲ್ ಕೋಣೆಗಳಲ್ಲಿ ರಾತ್ರಿಯೆಲ್ಲ ಹೊಸ ಹಾಡು ಬರೆದು, ಕೊನೆಗೆ ನ್ಯೂಯಾರ್ಕಿಗೆ ಬರುತ್ತಿತ್ತು. ಆ ಓಡಾಟದ ಖರ್ಚು ಏರುತ್ತಾ ಹೋದಂತೆ ಪರೀಕ್ಷೆ ನ್ಯೂಯಾರ್ಕಿಗೇ ಬಂತು, ಪ್ರಿವ್ಯೂಗಳ ತೂಕ ಹೆಚ್ಚಿತು. ‘ಕಂಪನಿ’ ಬಾಸ್ಟನ್ನಿಗೆ ಹೋಗಿತ್ತು. ನಾಟಕದ ಕೊನೆಗೆ ರಾಬರ್ಟ್ ಏನು ಹಾಡಬೇಕು ಎಂಬುದು ಅಲ್ಲಿಯೂ ತೀರ್ಮಾನವಾಗಿರಲಿಲ್ಲ. ಸಾಂಡ್‌ಹೈಮ್ ಆ ಜಾಗಕ್ಕೆ ಒಂದಾದ ಮೇಲೊಂದು ಹಾಡು ಬರೆದರು. ‘ಮ್ಯಾರಿ ಮಿ ಎ ಲಿಟಲ್’ ಆಯಿತು, ‘ಮಲ್ಟಿಟ್ಯೂಡ್ಸ್ ಆಫ್ ಏಮೀಸ್’ ಆಯಿತು. ಬಾಸ್ಟನ್ನಿನ ಪ್ರೇಕ್ಷಕರು ಕೇಳಿದ್ದು ‘ಹ್ಯಾಪಿಲಿ ಎವರ್ ಆಫ್ಟರ್’. ಅದರ ಕಹಿ ಪ್ರಿನ್ಸ್ ಅವರಿಗೆ ಹೆಚ್ಚೆನಿಸಿತು. ಆ ಕಹಿಯ ಜಾಗದಲ್ಲಿ ಬಂದದ್ದು ‘ಬೀಯಿಂಗ್ ಅಲೈವ್’. ಒಬ್ಬರು ನನ್ನ ಕುರ್ಚಿಯಲ್ಲಿ ಬಂದು ಕೂರಲಿ, ನನ್ನ ನಿದ್ದೆ ಕೆಡಿಸಲಿ, ನನ್ನನ್ನು ಚೆನ್ನಾಗಿಯೇ ಅರಿತುಬಿಡಲಿ ಎಂಬ ದೂರು ಹಾಡು ನಡೆಯುತ್ತಿರುವಂತೆಯೇ ಬೇಡಿಕೆಯಾಗಿ ಮಾರ್ಪಡುತ್ತದೆ. ಇಂದು ಸಂಗೀತ ಕಛೇರಿಗಳಲ್ಲಿ ಒಂಟಿಯಾಗಿ ಹಾಡಿ ಚಪ್ಪಾಳೆ ಗಿಟ್ಟಿಸುವ ಆ ಹಾಡು ಸಿಕ್ಕಿದ್ದು ಪರೀಕ್ಷೆಯ ಪ್ರದರ್ಶನಗಳು ಇದ್ದುದರಿಂದ. ಬಾಸ್ಟನ್ನಿನಲ್ಲಿ ಆ ಚಳಿಯ ರಾತ್ರಿಗಳಲ್ಲಿ ಟಿಕೆಟ್ ಕೊಂಡು, ಬೇರೆಯದೇ ಹಾಡು ಕೇಳಿ ಮನೆಗೆ ಹೋದವರ ಋಣ ಅದರ ಮೇಲಿದೆ ಎಂದು ನಾನು ನಂಬುತ್ತೇನೆ.

ಪರೀಕ್ಷೆ ಎಲ್ಲರನ್ನೂ ಉಳಿಸುವುದಿಲ್ಲ. ಇದೇ ಮೂವರು 1981ರಲ್ಲಿ ಮಾಡಿದ ‘ಮೆರಿಲಿ ವಿ ರೋಲ್ ಅಲಾಂಗ್’ ಪ್ರಿವ್ಯೂಗಳಲ್ಲೇ ನಾಯಕ ನಟನನ್ನು ಬದಲಿಸಿತು, ನೃತ್ಯ ನಿರ್ದೇಶಕರನ್ನು ಬದಲಿಸಿತು, ಉಡುಪುಗಳನ್ನೆಲ್ಲ ಎಸೆದು ಪಾತ್ರಗಳ ಗುರುತು ಬರೆದ ಅಂಗಿಗಳನ್ನು ತೊಡಿಸಿತು. ಆರಂಭವಾದ ಮೇಲೆ 16 ಪ್ರದರ್ಶನಕ್ಕೆ ನಿಂತುಹೋಯಿತು. ‘ಸ್ಪೈಡರ್-ಮ್ಯಾನ್: ಟರ್ನ್ ಆಫ್ ದಿ ಡಾರ್ಕ್’ 2010ರ ನವೆಂಬರಿನಿಂದ 2011ರ ಜೂನ್‌ವರೆಗೆ 182 ಪ್ರಿವ್ಯೂ ಆಡಿತು, ನಡುವೆ ಮೂರು ವಾರ ಬಾಗಿಲು ಹಾಕಿ ಕಥೆಯನ್ನೇ ತಿರುಗಿ ಬರೆಯಿತು. ಕಾದು ಕಾದು ಸಾಕಾದ ದೊಡ್ಡ ಪತ್ರಿಕೆಗಳು ಆರಂಭಕ್ಕೆ ಮೊದಲೇ ವಿಮರ್ಶೆ ಅಚ್ಚು ಹಾಕಿಬಿಟ್ಟವು.

‘ಕಂಪನಿ’ಯ ಹೊಸ ರೂಪದ ಪ್ರಿವ್ಯೂಗೆ ಬಂದದ್ದು ಇನ್ನೊಂದೇ ತರಹದ ಅಡ್ಡಿ. 2020ರ ಮಾರ್ಚ್ 2ರಂದು ಪ್ರಿವ್ಯೂ ಶುರುವಾಗಿತ್ತು. ಆರಂಭದ ರಾತ್ರಿಯನ್ನು ಮಾರ್ಚ್ 22ಕ್ಕೆ ಇಟ್ಟಿದ್ದರು, ಅಂದು ಸಾಂಡ್‌ಹೈಮ್‌ಗೆ 90 ತುಂಬುತ್ತಿತ್ತು. ಮಾರ್ಚ್ 12ರಂದು ಕೋವಿಡ್‌ನಿಂದ ಬ್ರಾಡ್‌ವೇಯ 41 ರಂಗಮಂದಿರಗಳೂ ಮುಚ್ಚಿದವು. ನನ್ನ ಹತ್ತಿರವೂ ಆ ತಿಂಗಳ ಒಂದು ಟಿಕೆಟ್ ಇತ್ತು, ದುಡ್ಡು ವಾಪಸು ಬಂತು. ಅದೇ ಹೊತ್ತಿಗೆ ಪ್ರಿವ್ಯೂನಲ್ಲಿದ್ದ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್’ ಮರುಪ್ರಯೋಗ ತಿರುಗಿ ಬರಲೇ ಇಲ್ಲ. ‘ಕಂಪನಿ’ ಬಂತು. 2021ರ ನವೆಂಬರ್ 15ರ ಸಂಜೆ, ಇಪ್ಪತ್ತು ತಿಂಗಳ ನಂತರ, ಪ್ರಿವ್ಯೂ ಮತ್ತೆ ಶುರುವಾಯಿತು. ಆ ರಾತ್ರಿ 91 ವರ್ಷದ ಸಾಂಡ್‌ಹೈಮ್ ಪ್ರೇಕ್ಷಕರ ನಡುವೆ ಇದ್ದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನವೆಂಬರ್ 26ರಂದು ಕನೆಕ್ಟಿಕಟ್‌ನ ರಾಕ್ಸ್‌ಬರಿಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು.

ನಾನು ಹೋದದ್ದು ಅದಾದ ಮೇಲೆ, ಡಿಸೆಂಬರ್ 9ರ ಆರಂಭಕ್ಕೆ ಮೊದಲು. ಜೊತೆಗೆ ಚಿಕ್ಕಮ್ಮ ಇದ್ದರು. ನವೆಂಬರ್ 8ರಿಂದ ಅಮೆರಿಕ ಲಸಿಕೆ ಹಾಕಿಸಿಕೊಂಡ ವಿದೇಶಿ ಪ್ರಯಾಣಿಕರನ್ನು ಬಿಟ್ಟುಕೊಳ್ಳತೊಡಗಿದ್ದರಿಂದ ಅವರು ನ್ಯೂಜೆರ್ಸಿಯ ನಮ್ಮ ಮನೆಗೆ ಬರುವುದು ಸಾಧ್ಯವಾಗಿತ್ತು. ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿ, ಊರೂರು ವರ್ಗವಾಗಿ, ನಿವೃತ್ತರಾದವರು. ಮದುವೆಯಾಗಲಿಲ್ಲ. ಮನೆಯಲ್ಲಿ ಆ ವಿಷಯ ಒಂದು ಕಾಲದಲ್ಲಿ ಪ್ರತಿ ಹಬ್ಬಕ್ಕೂ ಎದ್ದು, ಆಮೇಲೆ ಯಾವಾಗಲೋ ತಣ್ಣಗಾಯಿತು. ಥಿಯೇಟರಿನ ಬಾಗಿಲಲ್ಲಿ ಚಿಕ್ಕಮ್ಮ ಫೋನಿನಲ್ಲಿದ್ದ ಕೋವಿನ್ ಪ್ರಮಾಣಪತ್ರ, ಪಾಸ್‌ಪೋರ್ಟ್ ಎರಡನ್ನೂ ತೋರಿಸಿದರು. ಒಳಗೆ ಎಲ್ಲರ ಮುಖಕ್ಕೂ ಮಾಸ್ಕ್. ಪ್ರೇಕ್ಷಕರ ಮುಖ ನೋಡಿ ನಾಟಕ ತಿದ್ದಬೇಕಾದವರಿಗೆ ಆ ತಿಂಗಳುಗಳಲ್ಲಿ ಮುಖವೇ ಸಿಗುತ್ತಿರಲಿಲ್ಲ, ಕಿವಿಯೊಂದೇ ಗತಿ. ನಗು ಕೂಡ ಬಟ್ಟೆಯ ಹಿಂದಿನಿಂದ ಬರುತ್ತಿತ್ತು.

ಹೊಸ ರೂಪದಲ್ಲಿ ರಾಬರ್ಟ್ ಇಲ್ಲ, ಬಾಬಿ ಎಂಬ ಹೆಂಗಸು ಇದ್ದಾಳೆ. ಈ ಆಲೋಚನೆ ಬ್ರಿಟಿಷ್ ನಿರ್ದೇಶಕಿ ಮೇರಿಯನ್ ಎಲಿಯಟ್ ಅವರದು. ಫರ್ತ್ 2008ರಲ್ಲೇ ತೀರಿಕೊಂಡಿದ್ದರು. ಸಾಂಡ್‌ಹೈಮ್‌ಗೆ ಮೊದಲು ಅನುಮಾನವಿತ್ತು. ಎಲಿಯಟ್ ಲಂಡನ್ನಿನಲ್ಲಿ ಒಂದು ಕಾರ್ಯಾಗಾರ ಮಾಡಿ ಅದರ ಚಿತ್ರೀಕರಣವನ್ನು ಅವರಿಗೆ ತೋರಿಸಿದರು. ಅವರು ಒಪ್ಪಿದರು, ಒಪ್ಪಿದ್ದಷ್ಟೇ ಅಲ್ಲ, ಹಾಡಿನ ಸಾಲುಗಳನ್ನು ತಾವೇ ತಿದ್ದಿಕೊಟ್ಟರು. 2018ರಲ್ಲಿ ಲಂಡನ್ನಿನ ಗೀಲ್ಗುಡ್ ಥಿಯೇಟರಿನಲ್ಲಿ ರೋಸಲಿ ಕ್ರೇಗ್ ಬಾಬಿಯಾಗಿ ಅದು ರಂಗಕ್ಕೆ ಬಂತು. ನ್ಯೂಯಾರ್ಕಿನಲ್ಲಿ ಬಾಬಿ ಕ್ಯಾಟ್ರಿನಾ ಲೆಂಕ್.

ಎಲಿಯಟ್ ಅವರ ವಾದ ಸರಳ: 1970ರಲ್ಲಿ 35ರ ಗಂಡಸು ಮದುವೆಯಾಗದಿದ್ದರೆ ಗೆಳೆಯರಿಗೆ ಕುತೂಹಲ, ಈಗ ಅದು ಯಾರಿಗೂ ಲೆಕ್ಕಕ್ಕಿಲ್ಲ. 35ರ ಹೆಂಗಸಾದರೆ ಈಗಲೂ ಎಲ್ಲರೂ ಕೇಳುತ್ತಾರೆ. ಈ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಇನ್ನೂ ಎಷ್ಟು ದಿನ ಹೀಗೇ ಇರ್ತೀಯಾ?’ ಎಂಬ ಪ್ರಶ್ನೆ ನಮ್ಮ ಮನೆಗಳ ಗೃಹಪ್ರವೇಶದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಕೊನೆಗೆ ಹನ್ನೊಂದನೆಯ ದಿನದ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಗಂಡಸಿಗೆ ಕೇಳುವಾಗ ಅದರಲ್ಲಿ ಒಂದು ಚೇಷ್ಟೆ ಇರುತ್ತದೆ. ಹೆಂಗಸಿಗೆ ಕೇಳುವಾಗ ಗಡಿಯಾರ ಇರುತ್ತದೆ. ಎಲಿಯಟ್ ಆ ಗಡಿಯಾರವನ್ನು ರಂಗದ ಮೇಲೇ ತಂದಿದ್ದಾರೆ. ಹಳೆಯ ರೂಪದಲ್ಲಿ ‘ಟಿಕ್ ಟಾಕ್’ ಎಂಬ ವಾದ್ಯಸಂಗೀತದ ಭಾಗ ಮಂಚದ ಮೇಲಿನ ರಾತ್ರಿಯೊಂದಕ್ಕೆ ಕಟ್ಟಿದ ನೃತ್ಯವಾಗಿತ್ತು. ಈಗ ಅದೇ ಸಂಗೀತಕ್ಕೆ ಬಾಬಿ ತನ್ನ ಮುಂದಿನ ಬದುಕನ್ನು ಕಾಣುತ್ತಾಳೆ. ಅವಳದೇ ವೇಷದ ಇತರ ಬಾಬಿಗಳು ಬರುತ್ತಾರೆ, ಗಂಡ, ಬಸುರು, ಮಗು, ದಣಿವು, ಒಂದರ ಹಿಂದೆ ಒಂದು. ಹಳೆಯ ಸಂಗೀತವೊಂದರ ಅರ್ಥ ಪೂರ್ತಿ ಬದಲಾಗುವುದನ್ನು ನಾನು ರಂಗದ ಮೇಲೆ ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಚಿಕ್ಕಮ್ಮ ಆ ಹೊತ್ತಿನಲ್ಲಿ ಮುಂದಕ್ಕೆ ಬಾಗಿ ಕುಳಿತದ್ದು ನನ್ನ ಗಮನಕ್ಕೆ ಬಂತು.

ಬನ್ನಿ ಕ್ರಿಸ್ಟಿ ಅವರ ರಂಗಸಜ್ಜಿಕೆ ಅಂಚಿಗೆಲ್ಲ ಬೆಳಕಿನ ಗೆರೆ ಎಳೆದ ಪೆಟ್ಟಿಗೆಗಳಂಥ ಕೋಣೆಗಳದು. ಬಾಬಿಯ ಮನೆ ಅವಳಿಗೇ ಸಾಲದಷ್ಟು ಇಕ್ಕಟ್ಟು, ಅದರೊಳಗೆ ಹತ್ತು ಜನ ಗೆಳೆಯರು ತುಂಬಿಕೊಂಡಾಗ ನೋಡುವವರಿಗೂ ಉಸಿರು ಕಟ್ಟುತ್ತದೆ. 35 ಎಂಬ ಅಂಕೆಯ ಬಲೂನುಗಳು ಒಮ್ಮೆ ಕೈಗಾತ್ರ, ಇನ್ನೊಮ್ಮೆ ಅವಳನ್ನೇ ಒತ್ತರಿಸುವಷ್ಟು ದೊಡ್ಡವು. ಕೆಂಪು ಉಡುಪಿನ ಬಾಬಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುತ್ತಾ ಎಲ್ಲರ ಮನೆಯಲ್ಲೂ ಅತಿಥಿಯೇ ಆಗಿ ಉಳಿಯುತ್ತಾಳೆ.

ಬದಲಾವಣೆ ಬಾಬಿಗೆ ಮಾತ್ರ ನಿಂತಿಲ್ಲ. ಮೂವರು ಗೆಳತಿಯರು ಮೂವರು ಗೆಳೆಯರಾಗಿದ್ದಾರೆ. 1970ರಲ್ಲಿ ಏಪ್ರಿಲ್ ಎಂಬ ಗಗನಸಖಿ ಇದ್ದಳು, ಅಂದಗಾತಿ, ಮಾತಿನಲ್ಲಿ ಪೆದ್ದಿ, ಪ್ರೇಕ್ಷಕರು ಅವಳನ್ನು ನೋಡಿ ನಗುತ್ತಿದ್ದರು. ಈಗ ಆಂಡಿ ಎಂಬ ವಿಮಾನ ಪರಿಚಾರಕ, ಅಂದಗಾರ, ಅಷ್ಟೇ ಪೆದ್ದ. ಹೆಚ್ಚುಕಮ್ಮಿ ಅದೇ ಮಾತುಗಳು. ಆದರೆ ಆ ನಗುವಿನಲ್ಲಿದ್ದ ಚುಚ್ಚು ಹೋಗಿದೆ, ಏಕೆಂದರೆ ಅಂದವಾದ ಗಂಡಸನ್ನು ಪೆದ್ದ ಎನ್ನುವುದರಿಂದ ಜಗತ್ತಿನಲ್ಲಿ ಯಾವ ಗಂಡಸಿನ ಸಂಬಳವೂ ಕಡಿಮೆಯಾಗಿಲ್ಲ. ಡೇವಿಡ್ ಮತ್ತು ಜೆನ್ನಿ ದಂಪತಿಯ ದೃಶ್ಯದಲ್ಲಿ ಗಂಡನ ಮಾತನ್ನು ಹೆಂಡತಿಗೆ, ಹೆಂಡತಿಯದನ್ನು ಗಂಡನಿಗೆ ಕೊಟ್ಟಿದ್ದಾರೆ. ಮನೆಯ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ತಟ್ಟನೆ ಎದ್ದು ಕಾಣುತ್ತದೆ. ಹಿಂದೆ ಗಂಡನ ಬಾಯಲ್ಲಿ ಸಹಜವೆನಿಸುತ್ತಿದ್ದ ಜೋರು ಈಗ ಜೋರಾಗಿಯೇ ಕೇಳುತ್ತದೆ.

ಮೂವರು ಗಂಡಸರು ಸೇರಿ ಹಾಡುವ ‘ಯು ಕುಡ್ ಡ್ರೈವ್ ಎ ಪರ್ಸನ್ ಕ್ರೇಜಿ’ ಸಭಾಂಗಣವನ್ನೇ ಎಬ್ಬಿಸಿತು. ಈ ಹಾಡಿನ ಮೂಲದಲ್ಲಿ ಸಲಿಂಗಿಗಳಿಗೆ ಹೀನಾಯವಾದ ಒಂದು ಶಬ್ದವಿತ್ತು, ಅದನ್ನು ಸಾಂಡ್‌ಹೈಮ್ ವರ್ಷಗಳ ಹಿಂದೆಯೇ ತಾವಾಗಿ ತೆಗೆದುಹಾಕಿದ್ದರು. ತಾವು ಬರೆದದ್ದನ್ನು ಕಲ್ಲಿನ ಮೇಲೆ ಕೆತ್ತಿದ್ದೆಂದು ಅವರು ಎಂದೂ ಭಾವಿಸಿರಲಿಲ್ಲ. ಬೇರೆ ಬೇರೆ ತಲೆಮಾರು ಬೇರೆ ಬೇರೆ ಬಗೆಯಲ್ಲಿ ಮಾಡಬಹುದು ಎಂಬುದೇ ರಂಗಭೂಮಿಯನ್ನು ಜೀವಂತ ಇಟ್ಟಿದೆ ಎನ್ನುವ ಅರ್ಥದ ಮಾತನ್ನು ಸಾಯುವ ಕೆಲವೇ ದಿನಗಳ ಮುಂಚಿನ ಸಂದರ್ಶನದಲ್ಲೂ ಹೇಳಿದ್ದರು.

ಆ ಮೂವರಲ್ಲಿ ಥಿಯೋ ಎಂಬ ಪಾತ್ರ ಮನು ನಾರಾಯಣ್ ಅವರದು. ಇವರು 2004ರಲ್ಲಿ ಎ. ಆರ್. ರೆಹಮಾನ್ ಸಂಗೀತದ ‘ಬಾಂಬೆ ಡ್ರೀಮ್ಸ್’ ಬ್ರಾಡ್‌ವೇಗೆ ಬಂದಾಗ ನಾಯಕನಾಗಿದ್ದವರು. ಅದೂ ಲಂಡನ್ನಿನಿಂದ ಬಂದು, ಅಮೆರಿಕದ ಪ್ರೇಕ್ಷಕರಿಗಾಗಿ ಕಥೆ ತಿದ್ದಿಸಿಕೊಂಡ ಮ್ಯೂಸಿಕಲ್ಲೇ. ಅಂದು ಮುಂಬೈಯ ಕೊಳೆಗೇರಿಯ ಹುಡುಗನಾಗಿ ಬಂದಿದ್ದ ನಟ ಇಂದು ಬರೀ ಬಾಬಿಯ ಗೆಳೆಯನಾಗಿ, ಯಾವ ವಿವರಣೆಯೂ ಇಲ್ಲದೆ, ರಂಗಕ್ಕೆ ಬಂದರು. ನನ್ನಂತೆ ಹೊರಗಿನಿಂದ ಬಂದು ಇಲ್ಲಿ ನೆಲೆನಿಂತವರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಹೇಳಿ ಮುಗಿಯದು. ಚಿಕ್ಕಮ್ಮ ಮೆಲ್ಲಗೆ, ‘ನಮ್ಮ ಕಡೆಯವನಾ?’ ಎಂದರು.

ಇನ್ನು ಜೇಮಿ. ಮೂಲದಲ್ಲಿ ಅದು ಏಮಿ, ಮದುವೆಯ ಬೆಳಿಗ್ಗೆ ಹೆದರಿ ನಡುಗುವ ಮದುಮಗಳು. ಈಗ ಜೇಮಿ ಮತ್ತು ಪಾಲ್ ಇಬ್ಬರೂ ಗಂಡಸರು. ಮ್ಯಾಟ್ ಡಾಯ್ಲ್ ಹಾಡಿದ ‘ಗೆಟಿಂಗ್ ಮ್ಯಾರೀಡ್ ಟುಡೇ’ ಉಸಿರಾಡಲು ಎಡೆ ಕೊಡದ ಹಾಡು, ಚಿಕ್ಕಮ್ಮನಿಗೆ ಅದರ ಅರ್ಧ ಪದ ಸಿಗಲಿಲ್ಲ, ನನಗೂ ಎಲ್ಲವೂ ಸಿಗಲಿಲ್ಲ. ಆದರೆ ಹೆದರಿಕೆ ಪೂರ್ತಿ ಸಿಕ್ಕಿತು. ಸಲಿಂಗಿಗಳ ಮದುವೆಗೆ ನ್ಯೂಯಾರ್ಕ್ ರಾಜ್ಯದಲ್ಲಿ 2011ರಲ್ಲಿ, ಅಮೆರಿಕದ ಎಲ್ಲೆಡೆ 2015ರಲ್ಲಿ ಮಾನ್ಯತೆ ಸಿಕ್ಕಿತು. ಹೋರಾಡಿ ಪಡೆದ ಹಕ್ಕು ಕೈಗೆ ಬಂದಿರುವಾಗ ಒಬ್ಬ ಮನುಷ್ಯ ‘ನನಗೆ ಭಯವಾಗ್ತಿದೆ, ಬೇಡ’ ಎನ್ನುವುದಕ್ಕೆ ಇನ್ನೊಂದು ಬಗೆಯ ಧೈರ್ಯ ಬೇಕು. ಸಾವಿರಾರು ಜನ ಬಯಸಿದ್ದನ್ನು ತಾನು ಬೇಡವೆನ್ನುತ್ತಿದ್ದೇನೆ ಎಂಬ ಅಳುಕೂ ಅದರಲ್ಲಿ ಸೇರಿದೆ. 1970ರ ಏಮಿಗೆ ಈ ಭಾರ ಇರಲಿಲ್ಲ. ನನಗೆ ಈ ಮರುರೂಪದ ಅತ್ಯುತ್ತಮ ಬದಲಾವಣೆ ಇದು, ಬಾಬಿಯ ಬದಲಾವಣೆಗಿಂತಲೂ.

ಬ್ರಾಡ್‌ವೇಯ ಹೆಸರಾಂತ ಹಿರಿಯ ನಟಿ ಪ್ಯಾಟಿ ಲುಪೋನ್, ಬಾಬಿಯ ಹಿರಿಯ ಗೆಳತಿ ಜೋಆನ್ ಆಗಿ ‘ದಿ ಲೇಡೀಸ್ ಹೂ ಲಂಚ್’ ಹಾಡಿದಾಗ ಆದದ್ದನ್ನು ವರ್ಣಿಸುವ ಅಗತ್ಯವಿಲ್ಲ. ಜನ ಅದಕ್ಕೆಂದೇ ಬಂದಿದ್ದರು, ಅದು ಸಿಕ್ಕಿತು. ನನ್ನ ಮನಸ್ಸು ನಿಂತದ್ದು ಅದರ ನಂತರದ ಮಾತಿನಲ್ಲಿ. ಮೂಲದಲ್ಲಿ ಹಿರಿಯಳಾದ ಜೋಆನ್ ರಾಬರ್ಟ್‌ನನ್ನು ತನ್ನ ಜೊತೆಗೇ ಸಂಬಂಧಕ್ಕೆ ಕರೆಯುತ್ತಾಳೆ. ಹೊಸದರಲ್ಲಿ ಬಾಬಿಯ ಮುಂದೆ ಅವಳು ಇಡುವುದು ತನ್ನ ಗಂಡ ಲ್ಯಾರಿಯನ್ನು. ಸಭಾಂಗಣದಲ್ಲಿ ಮೊದಲು ನಗು ಎದ್ದಿತು, ಅರ್ಧದಲ್ಲೇ ನಿಂತಿತು. ಕೆಲವರಿಗೆ ಇದು ತಮಾಷೆಯೋ ಕ್ರೌರ್ಯವೋ ತಿಳಿಯಲಿಲ್ಲ. ನನ್ನ ಪಕ್ಕದಲ್ಲಿದ್ದ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಕುಳಿತು ಬರೆದುಕೊಳ್ಳುವವರಿಗೆ ಅಂದು ಈ ಅರೆನಗು ಖಂಡಿತ ಕೇಳಿಸಿರುತ್ತದೆ.

ಆಮೇಲೆ ‘ಬೀಯಿಂಗ್ ಅಲೈವ್’. ಅದನ್ನು ಬರೆದವರು ಇಲ್ಲವಾಗಿ ಹೆಚ್ಚು ದಿನ ಆಗಿರಲಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲೆಂಕ್ ದೊಡ್ಡ ಗಂಟಲಿನಿಂದ ಮೇಲೆ ಹಾರಿಸಲಿಲ್ಲ. ಮೊದಲ ಸಾಲುಗಳನ್ನು ಮಾತಿನಷ್ಟೇ ತಗ್ಗಿಸಿ ಹಾಡಿದರು, ಹುಡುಕುತ್ತಾ ಹುಡುಕುತ್ತಾ ಹೋದಂತೆ. ಸಾಹಿತ್ಯದಲ್ಲಿ ಅವನು, ಅವಳು ಎಂಬುದೇ ಇಲ್ಲ, ಹಾಗಾಗಿ ಅರ್ಧ ಶತಮಾನದ ನಂತರ ಒಬ್ಬ ಹೆಣ್ಣಿನ ಬಾಯಿಗೆ ತಿದ್ದದೆಯೇ ಒಗ್ಗಿತು. ಬಾಸ್ಟನ್ನಿನಲ್ಲಿ ಕಹಿ ಹಾಡನ್ನು ಕೈಬಿಟ್ಟಾಗ ಅವರಿಗೆ ಬೇಕಾಗಿದ್ದದ್ದು ರಾಬರ್ಟ್‌ನನ್ನು ಮದುವೆಯ ಕಡೆ ಒಂದು ಹೆಜ್ಜೆ ಸರಿಸುವ ಹಾಡು. ಬಾಬಿ ಹಾಡಿದಾಗ ನನಗೆ ಮದುವೆ ಕೇಳಿಸಲಿಲ್ಲ. ಒಬ್ಬರಿಗೆ ತನ್ನನ್ನು ಕೊಟ್ಟುಕೊಳ್ಳುವ ಭಯ, ಆ ಭಯವನ್ನು ದಾಟುವ ಆಸೆ ಕೇಳಿಸಿತು. ಹಾಡಿನ ನಂತರ ಹುಟ್ಟುಹಬ್ಬಕ್ಕೆ ಬಂದ ಗೆಳೆಯರು ಕಾದು ಕಾದು ಹೋಗಿಬಿಡುತ್ತಾರೆ, ಬಾಬಿ ಒಬ್ಬಳೇ ಉಳಿಯುತ್ತಾಳೆ. ಅವಳು ಯಾರನ್ನು ಮದುವೆಯಾದಳು, ಆದಳೋ ಇಲ್ಲವೋ, ನಾಟಕ ಹೇಳುವುದಿಲ್ಲ.

ಪೆನ್ ಸ್ಟೇಷನ್ನಿಗೆ ನಡೆಯುತ್ತಾ ಚಿಕ್ಕಮ್ಮ ಮೊದಲು ಆಡಿದ ಮಾತು ಅದೇ. ‘ಕೊನೇಲಿ ಒಂದು ಗಂಡು ಹುಡುಕಿ ಕಟ್ಟಲಿಲ್ಲವಲ್ಲ, ಒಳ್ಳೇದು ಮಾಡಿದರು.’ ಸ್ವಲ್ಪ ದೂರ ಹೋದ ಮೇಲೆ, ‘ಆ ಗೆಳೆಯರಿಗೆಲ್ಲ ಅವಳ ಮೇಲೆ ಪ್ರೀತಿಯೇನೋ ಇದೆ. ಆದರೆ ತಮ್ಮ ಮದುವೆ ಸರಿಯಾಗಿದೆ ಅನ್ನೋದಕ್ಕೆ ಅವರಿಗೆ ಅವಳು ಒಬ್ಬಳು ಹಾಗೇ ಇರಬೇಕು, ಅಲ್ವಾ?’ ಎಂದರು. ನಾನು ಮದುವೆಯಾದವಳು, ಆ ಐದು ಜೋಡಿಗಳ ಸಾಲಿಗೆ ಸೇರಿದವಳು. ಚಿಕ್ಕಮ್ಮ ಅದನ್ನು ನನಗೆಂದು ಹೇಳಲಿಲ್ಲ, ಅವರು ಹಾಗೆ ಸುತ್ತಿ ಬಳಸಿ ಹೇಳುವವರಲ್ಲ. ಆದರೂ ಊರಿನಲ್ಲಿ ಹಬ್ಬದ ದಿನ ನಾವೆಲ್ಲ ಗಂಡ, ಮಕ್ಕಳ ದೂರುಗಳನ್ನು ಹೊತ್ತುಕೊಂಡು ಅಡುಗೆಮನೆಯಲ್ಲಿ ಇವರ ಸುತ್ತ ಕೂರುತ್ತಿದ್ದದ್ದು ನೆನಪಾಯಿತು.

ರೈಲಿನಲ್ಲಿ ಅವರ ಆಕ್ಷೇಪಣೆ ಬಂತು. ‘ಅವಳಿಗೆ ಕೆಲಸ ಏನು? ಅಷ್ಟು ಹೊತ್ತು ನೋಡಿದೆ, ಆಫೀಸಿನ ಸುದ್ದಿಯೇ ಬರಲಿಲ್ಲ. 35 ವರ್ಷದ ಹೆಂಗಸು, ಒಬ್ಬಳೇ ಇದ್ದಾಳೆ, ಬಾಡಿಗೆ ಕಟ್ಟಬೇಕು. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾಳೆ?’

ಉತ್ತರ ಸುಲಭವಲ್ಲ. 1970ರ ರಾಬರ್ಟ್‌ಗೂ ನಾಟಕ ಹೇಳಿಕೊಳ್ಳುವಂಥ ಉದ್ಯೋಗ ಕೊಟ್ಟಿರಲಿಲ್ಲ, ಅವನ ಮಟ್ಟಿಗೆ ಅದು ಕಾಡಲಿಲ್ಲ. ಗಂಡಸಿಗೆ ಒಂದು ಕೆಲಸ ಇದ್ದೇ ಇರುತ್ತದೆ ಎಂದು ಪ್ರೇಕ್ಷಕರೇ ತುಂಬಿಕೊಂಡರು. ಪಾತ್ರವನ್ನು ಹೆಣ್ಣಾಗಿಸಿದಾಗ ಆ ಖಾಲಿ ಜಾಗವೂ ಹಾಗೇ ಜೊತೆಗೆ ಬಂತು. ಗಡಿಯಾರವನ್ನು ತಂದವರು ಹಾಜರಿ ಪುಸ್ತಕವನ್ನು ತರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, ಅಣ್ಣನ ಮಕ್ಕಳ ಫೀಸು ಕಟ್ಟಿ, ಸ್ವಂತದ್ದೊಂದು ಮನೆ ಕಟ್ಟಿಸಿಕೊಂಡ ಹೆಂಗಸಿಗೆ, ಒಂಟಿ ಹೆಣ್ಣಿನ ಬದುಕೆಂದರೆ ಜೊತೆಯ ಕೊರತೆ ಮಾತ್ರ ಎಂದು ತೋರಿಸುವ ನಾಟಕ ಅರ್ಧವೇ ಆಯಿತು. ಅವರ ಮಾತು ಸರಿ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಬಾಬಿಯ ಒಳಗು ಕೆಲವೆಡೆ ತೆಳುವಾಗಿ ಕಾಣುವುದಕ್ಕೆ ಲೆಂಕ್ ಅವರನ್ನು ದೂರಿದವರಿದ್ದಾರೆ. ನಟಿಗೆ ಹಿಡಿದುಕೊಳ್ಳಲು ಬರವಣಿಗೆಯಲ್ಲೇ ಹೆಚ್ಚು ಇಲ್ಲ ಎಂಬುದು ನನ್ನ ಅಭಿಪ್ರಾಯ.

ಡಿಸೆಂಬರ್ 9ರಂದು ನಾಟಕ ಆರಂಭವಾಯಿತು. ಮುಂದಿನ ಬೇಸಿಗೆಯಲ್ಲಿ ಅತ್ಯುತ್ತಮ ಮರುಪ್ರಯೋಗ, ಎಲಿಯಟ್, ಲುಪೋನ್, ಡಾಯ್ಲ್, ಕ್ರಿಸ್ಟಿ, ಹೀಗೆ ಬ್ರಾಡ್‌ವೇಯ ಅತಿ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಐದು ಬಂದವು. 2022ರ ಜುಲೈ 31ಕ್ಕೆ ಮುಗಿಯಿತು, ನಂತರ ಬ್ರಿಟ್ನಿ ಕೋಲ್ಮನ್ ಬಾಬಿಯಾಗಿ ಊರೂರು ತಿರುಗಿತು. ನನ್ನ ಚಿಂತೆ ಬೇರೆ. ಈ ಬದಲಾವಣೆಗೆ ಹೂಂ ಎನ್ನಲು ಬರೆದವರೇ ಇದ್ದರು. ಅನುಮಾನಪಟ್ಟರು, ಚಿತ್ರೀಕರಣ ನೋಡಿದರು, ಒಪ್ಪಿದರು, ಸಾಲು ತಿದ್ದಿದರು, ಪ್ರಿವ್ಯೂಗೆ ಬಂದು ಕುಳಿತರು. ಇನ್ನು ಮುಂದೆ ಒಪ್ಪಿಗೆ ಕೊಡಬೇಕಾದದ್ದು ಹಕ್ಕುಗಳನ್ನು ಕಾಯುವವರು. ಕಾಯುವವರು ಸಾಮಾನ್ಯವಾಗಿ ಇದ್ದದ್ದನ್ನು ಇದ್ದ ಹಾಗೇ ಇಡಲು ನೋಡುತ್ತಾರೆ, ಅವರ ಕೆಲಸವೇ ಅದು. ಹೊಸ ಸಾಲು ಬೇಕೆಂದರೆ ಬರೆದುಕೊಡಲು ಸಾಂಡ್‌ಹೈಮ್ ಇಲ್ಲ, ಫರ್ತ್ ಇಲ್ಲ. ಆದರೂ ಯಾರೋ ಒಬ್ಬ ನಿರ್ದೇಶಕಿ ಮುಂದೊಂದು ದಿನ ಈ ನಾಟಕವನ್ನು ಕೈಗೆತ್ತಿಕೊಂಡು, ಬಾಬಿ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಲಿ. ಅದರ ಪ್ರಿವ್ಯೂಗೆ ನಾನು ಟಿಕೆಟ್ ತೆಗೆಯುತ್ತೇನೆ, ಚಿಕ್ಕಮ್ಮನಿಗೂ ಸೇರಿಸಿ.